ಬೆಟ್ಟಕ್ಕೆ ಹೊತ್ತೊಯ್ಯುವ ಮೂರು ಕಾಲು

ಕಳೆದ ವರ್ಷ ಯುಗಾದಿಗೆ ಊರಿಗೆ ಹೋಗಿದ್ದೆ. ಹಬ್ಬದ ಹಿಂದಿನ ಅಮಾವಾಸ್ಯೆ ರಾತ್ರಿ, ಬೆಳಗಿನ ಜಾವ ನಾಲ್ಕಕ್ಕೆ, ಚಿಕ್ಕಪ್ಪನ ಮಗನನ್ನು ಎಬ್ಬಿಸಿಕೊಂಡು ಕೆರೆ ಏರಿ ಮೇಲೆ ಹೋಗಿ ನಿಂತೆ. ನಮ್ಮದು ಶಿರಾ ಸೀಮೆ. ಕೆರೆಯಲ್ಲಿ ನೀರು ಇರಲಿಲ್ಲ, ಆದರೆ ಮೇಲೆ ಆಕಾಶ ತುಂಬಿ ತುಳುಕುತ್ತಿತ್ತು. ಕ್ಯಾಮೆರಾವನ್ನು ಹೊಸ ಟ್ರೈಪಾಡ್ ಮೇಲೆ ಕೂರಿಸಿ, ಅದರ ನಡುಗಂಬವನ್ನು ಪೂರ್ತಿ ಮೇಲಕ್ಕೆತ್ತಿ, ಗುಂಡಿ ಒತ್ತಿದೆ. ಹತ್ತು ಸೆಕೆಂಡ್ ಕಳೆದಿರಬಹುದು, ಏರಿ ಮೇಲೆ ಒಂದು ಗಾಳಿ ಬಂತು. ಅಷ್ಟೇ. ಮೂರು ಕಾಲಿನ ಆ ಪ್ರಾಣಿ ನಿಧಾನವಾಗಿ, ನಿದ್ದೆ ತೂಗಿದವರ ಹಾಗೆ ಪಕ್ಕಕ್ಕೆ ವಾಲಿತು. ಕತ್ತಲಲ್ಲಿ ಕೈ ಚಾಚಿದೆ, ಸಿಗಲಿಲ್ಲ. ಕಲ್ಲಿನ ಮೇಲೆ ಪ್ಲಾಸ್ಟಿಕ್ ಮುರಿದ ಸದ್ದು ಮಾತ್ರ ಕೇಳಿಸಿತು.

‘ಅಕ್ಕಾ, ಲೆನ್ಸ್ ಬೇರೆ, ಕ್ಯಾಮೆರಾ ಬೇರೆ ಆಗೈತೆ’ ಅಂದ ತಮ್ಮ, ಟಾರ್ಚ್ ಹಾಕಿ.

ಆ ಕ್ಯಾಮೆರಾ ಯಾರದೋ ಕೊಟ್ಟಿದ್ದಲ್ಲ. ಬಿ.ಎಸ್ಸಿ ಮುಗಿಸಿ ತುಮಕೂರಿನಲ್ಲಿ ಪಿ.ಜಿ.ಯಲ್ಲಿದ್ದುಕೊಂಡು ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುತ್ತಿದ್ದೇನೆ. ಸಂಜೆ ಮಕ್ಕಳಿಗೆ ಟ್ಯೂಷನ್, ಮುಹೂರ್ತದ ದಿನಗಳಲ್ಲಿ ಒಂದು ಸ್ಟುಡಿಯೊದಲ್ಲಿ ಮದುವೆ ಆಲ್ಬಂ ಡಿಸೈನ್. ಹಾಗೆ ಕೂಡಿಟ್ಟ 18 ಸಾವಿರದಲ್ಲಿ ಸೆಕೆಂಡ್ ಹ್ಯಾಂಡ್ ಡಿಎಸ್ಎಲ್ಆರ್ ಕೊಂಡಿದ್ದೆ. ಕ್ಯಾಮೆರಾಗೆ ಅಷ್ಟು ಸುರಿದ ಮೇಲೆ ಸ್ಟ್ಯಾಂಡ್‌ಗೆ ಏನು ಮಹಾ ಅಂತ, ಆನ್‌ಲೈನ್‌ನಲ್ಲಿ 1,200 ರೂಪಾಯಿಯ ಟ್ರೈಪಾಡ್ ತರಿಸಿದ್ದೆ. ‘5 ಕೆ.ಜಿ ಹೊರುತ್ತದೆ’ ಎಂದು ಬರೆದಿತ್ತು. ಹೊರುವುದೇನೋ ಹೊರುತ್ತದೆ. ಗಾಳಿಯಲ್ಲಿ ನಿಲ್ಲುತ್ತದೆ ಎಂದು ಮಾತ್ರ ಎಲ್ಲೂ ಬರೆದಿರಲಿಲ್ಲ.

ಬೇರೊಂದು ಹಳೇ ಲೆನ್ಸ್‌ಗೆ 3,500 ಕೊಟ್ಟೆ. ಎರಡು ತಿಂಗಳ ಟ್ಯೂಷನ್ ದುಡ್ಡು. ಅಪ್ಪನಿಗೆ ಹೇಳಲಿಲ್ಲ. ಆದರೆ ತಮ್ಮ ಹೇಳಿಬಿಟ್ಟಿದ್ದ. ಅಪ್ಪ ಬೈಯಲಿಲ್ಲ. ‘ಅಷ್ಟರಲ್ಲಿ ಎಷ್ಟು ಅರ್ಜಿ ಹಾಕಬಹುದಿತ್ತಮ್ಮ?’ ಎಂದು ಮಾತ್ರ ಕೇಳಿದರು. ಕೆಲಸ ಹುಡುಕುತ್ತಿರುವವರಿಗೆ ಗೊತ್ತು, ಬೈಗುಳಕ್ಕಿಂತ ಆ ಪ್ರಶ್ನೆ ಹೆಚ್ಚು ಚುಚ್ಚುತ್ತದೆ.

ಇಷ್ಟಕ್ಕೂ ಸ್ಟ್ಯಾಂಡ್ ಯಾಕೆ ಬೇಕು ಅಂದರೆ, ರಾತ್ರಿ ಆಕಾಶದ ಬೆಳಕು ಅಷ್ಟು ಕಡಿಮೆ. ಹಗಲಲ್ಲಿ ಸೆಕೆಂಡಿನ ನೂರನೇ ಒಂದು ಭಾಗದಲ್ಲಿ ಆಗುವ ಕೆಲಸಕ್ಕೆ ರಾತ್ರಿ 15–20 ಸೆಕೆಂಡ್ ಬೇಕು. ಹಾಗಂತ ಎಷ್ಟು ಹೊತ್ತು ಬೇಕಾದರೂ ತೆರೆದಿಡುವ ಹಾಗಿಲ್ಲ. ಭೂಮಿ ಗಂಟೆಗೆ 15 ಡಿಗ್ರಿ ತಿರುಗುವುದರಿಂದ ನಕ್ಷತ್ರಗಳು ಚುಕ್ಕಿಯಾಗಿರದೆ ಗೆರೆಯಾಗುತ್ತವೆ. ಇದಕ್ಕೊಂದು ಸುಲಭ ಲೆಕ್ಕವಿದೆ. 500ನ್ನು ಲೆನ್ಸಿನ ಫೋಕಲ್ ಲೆಂತ್‌ನಿಂದ ಭಾಗಿಸಬೇಕು. ನನ್ನಂಥ ಚಿಕ್ಕ ಸೆನ್ಸರ್ ಕ್ಯಾಮೆರಾ ಆದರೆ ಫೋಕಲ್ ಲೆಂತ್‌ಅನ್ನು ಮೊದಲು ಒಂದೂವರೆಯಿಂದ ಗುಣಿಸಬೇಕು. 18 ಎಂ.ಎಂ. ಅಂದರೆ 27. 500 ಭಾಗಿಸು 27, ಹೆಚ್ಚುಕಡಿಮೆ 18 ಸೆಕೆಂಡ್. ನಾನು 15ಕ್ಕೆ ನಿಲ್ಲಿಸುತ್ತೇನೆ. ಆ 15 ಸೆಕೆಂಡ್ ಕ್ಯಾಮೆರಾ ಕೂದಲೆಳೆಯಷ್ಟೂ ಅಲುಗಬಾರದು. ಕೈಯಲ್ಲಿ ಹಿಡಿದು ಇದು ಸಾಧ್ಯವೇ ಇಲ್ಲ, ಉಸಿರು ಬಿಗಿಹಿಡಿದರೂ.

ಮುರಿದ ಮೇಲೆ ಬುದ್ಧಿ ಬಂತು ಅಂದುಕೊಂಡು ಇನ್ನೊಂದು ತುದಿಗೆ ಹೋದೆ. ಮಳೆಗಾಲ ಮುಗಿದ ಮೇಲೆ ಕಾಲೇಜು ಗೆಳತಿಯರ ಜೊತೆ ಕುದುರೆಮುಖ ಚಾರಣಕ್ಕೆ ಹೊರಟಾಗ, ಸ್ಟುಡಿಯೊ ಅಣ್ಣನ ಮದುವೆ ವಿಡಿಯೊ ಸ್ಟ್ಯಾಂಡ್ ಕೇಳಿ ಪಡೆದೆ. ಅದು ನಿಂತರೆ ಕಲ್ಲುಕಂಬ. ಕಿರಾಣಿ ಅಂಗಡಿಯಲ್ಲಿ ತೂಗಿಸಿದರೆ 4 ಕೆ.ಜಿ. 300 ಗ್ರಾಂ. ಅಣ್ಣ ಕೊಡುವಾಗಲೇ ನಕ್ಕಿದ್ದರು. ಮುಳ್ಳೋಡಿಯಿಂದ ಶಿಖರಕ್ಕೆ ಹೋಗಿ ಬರಲು 20 ಕಿಲೋಮೀಟರ್ ಹತ್ತಿರ. ಅರಣ್ಯ ಇಲಾಖೆಯ ಅನುಮತಿ ಪಡೆದು ಬೆಳಿಗ್ಗೆ ಹತ್ತಿ ಸಂಜೆಯೊಳಗೆ ಇಳಿಯಬೇಕು. ಮೊದಲ ಹಳ್ಳ ದಾಟುವಷ್ಟರಲ್ಲಿ ಭುಜ ಕೆಂಪಾಗಿತ್ತು. ಗೆಳತಿಯರು ಪಾಪ, ಸರದಿಯಲ್ಲಿ ಹೊತ್ತರು. ಒಬ್ಬಳು ‘ಇದಕ್ಕೊಂದು ಅರ್ಧ ಟಿಕೆಟ್ ತಗೋಬೇಕಿತ್ತು ಕಣೇ’ ಅಂದಳು. ಹುಲ್ಲುಗಾವಲಿನ ಏರಿನಲ್ಲಿ ಯಾರಿಗೂ ಮಾತನಾಡುವಷ್ಟೂ ಉಸಿರಿರಲಿಲ್ಲ. ಆ ಸ್ಟ್ಯಾಂಡ್ ಶಿಖರ ನೋಡಿತು, ನಾವೂ ನೋಡಿದೆವು. ಆದರೆ ಅದು ಚೀಲದಿಂದ ಹೊರಗೆ ಬರಲೇ ಇಲ್ಲ. ಬಿಚ್ಚುವ ಉತ್ಸಾಹ ಯಾರಿಗಿತ್ತು? ಇಳಿಯುವಾಗ ಒಂದು ಝರಿ ಎಷ್ಟು ಚೆನ್ನಾಗಿತ್ತೆಂದರೆ, ಅರ್ಧ ಸೆಕೆಂಡ್ ತೆರೆದಿಟ್ಟಿದ್ದರೆ ನೀರು ಹಾಲಿನ ಹಾಗೆ ಬರುತ್ತಿತ್ತು. ಅದನ್ನೂ ಮೊಬೈಲಿನಲ್ಲೇ ತೆಗೆದು ಬಂದೆ.

ಹೀಗೆ ಒಂದು ಹಗುರವಾಗಿದ್ದು ಬಿತ್ತು, ಇನ್ನೊಂದು ಗಟ್ಟಿಯಾಗಿದ್ದೂ ಚೀಲದಲ್ಲೇ ಉಳಿಯಿತು. ನನಗೆ ಬೇಕಾದದ್ದು ಇವೆರಡರ ನಡುವೆ ಎಲ್ಲೋ ಇತ್ತು. ಅದನ್ನು ಹುಡುಕಲು ಮೂರು ತಿಂಗಳು ಹಿಡಿಯಿತು.

ಆ ಮೂರು ತಿಂಗಳು ಸುಮ್ಮನೆ ಕೂರಲಿಲ್ಲ. ಅಜ್ಜಿಯ ಹಳೇ ಸೀರೆಯ ತುಂಡಿನಲ್ಲಿ ಒಂದು ಪುಟ್ಟ ದಿಂಬಿನ ಚೀಲ ಹೊಲಿದು, ಅದರಲ್ಲಿ ಒಂದು ಕೆ.ಜಿ. ರಾಗಿ ತುಂಬಿದೆ. ಅದನ್ನು ಬಂಡೆ ಮೇಲೋ ತಾರಸಿ ಗೋಡೆ ಮೇಲೋ ಇಟ್ಟು, ಮೇಲೆ ಕ್ಯಾಮೆರಾ ಒತ್ತಿ ಕೂರಿಸಿದರೆ ಅಲುಗುವುದಿಲ್ಲ. ಕಾಡಿನಲ್ಲಿ ಫೋಟೊ ತೆಗೆಯುವವರು ಜೀಪಿನ ಕಿಟಕಿ ಮೇಲೆ ಇಂಥದ್ದೇ ಚೀಲ ಇಟ್ಟುಕೊಳ್ಳುತ್ತಾರೆ. ಚಾರಣಕ್ಕಾದರೆ ಖಾಲಿ ಚೀಲ ಒಯ್ದು, ಅಲ್ಲೇ ಮರಳೋ ಮಣ್ಣೋ ತುಂಬಿಕೊಳ್ಳಬಹುದು. ತೂಕ ಸೊನ್ನೆ. ದುಡ್ಡೂ ಸೊನ್ನೆ. ಬಂಡೆ ಎಲ್ಲಿದೆಯೋ ಅಲ್ಲೇ ನಿಮ್ಮ ಫೋಟೊ, ಅದೊಂದು ಮಿತಿ. ‘ತಿನ್ನೋ ರಾಗೀನ ಅಮಾಸೆ ದಿನ ಹೊರಗೆ ತಗಂಡೋಗ್ತೀಯಲ್ಲೇ ಅಮ್ಮಿ’ ಎಂದು ಅಜ್ಜಿ ಗೊಣಗಿದ್ದು ಇನ್ನೊಂದು.

ಮೊಬೈಲ್ ಮಾತ್ರ ಇರುವವರಿಗೆ ಇಲ್ಲೇ ಒಂದು ಮಾತು. ಈಗಿನ ಹಲವು ಫೋನುಗಳಲ್ಲಿ ನೈಟ್ ಮೋಡ್ ಇದೆ, ಕೆಲವದರಲ್ಲಿ ನಕ್ಷತ್ರಕ್ಕೆಂದೇ ಬೇರೆ ಮೋಡ್ ಇದೆ. ಅದಕ್ಕೆ ಸಾವಿರಾರು ರೂಪಾಯಿಯ ಟ್ರೈಪಾಡ್ ಬೇಕಿಲ್ಲ. ಇನ್ನೂರು ಗ್ರಾಂನ ಅಂಗೈಯಗಲದ ಮಿನಿ ಟ್ರೈಪಾಡ್, ಇಲ್ಲವೇ ಕಾಲು ಬಳುಕಿಸಿ ಕೊಂಬೆಗೆ ಸುತ್ತುವ ಆಕ್ಟೋಪಸ್ ಸ್ಟ್ಯಾಂಡ್ ಸಾಕು. ಫೋನ್ ಹಿಡಿಯುವ ಕ್ಲಿಪ್ ಬಿಗಿಯಾಗಿದೆಯೇ ಎಂದು ನೋಡಿಕೊಳ್ಳಿ, ಸ್ಪ್ರಿಂಗ್ ಸಡಿಲವಾದ ಕ್ಲಿಪ್ಪಿನಿಂದ ಫೋನ್ ಜಾರಿದರೆ ಸ್ಕ್ರೀನ್ ಹೋಯಿತು. ಆಕ್ಟೋಪಸ್ ಸ್ಟ್ಯಾಂಡಿಗೆ ಡಿಎಸ್ಎಲ್ಆರ್ ಕೂರಿಸುವ ಸಾಹಸ ಬೇಡ. ಅದರ ಕಾಲುಗಳು ಭಾರಕ್ಕೆ ಇಂಚಿಂಚೇ ಬಾಗುತ್ತವೆ. ಕಣ್ಣಿಗೆ ಕಾಣದು, ಫೋಟೊದಲ್ಲಿ ಕಾಣುತ್ತದೆ.

ಸಂಕ್ರಾಂತಿ ಕಳೆದ ಮೇಲೆ ಸ್ಟುಡಿಯೊ ಅಣ್ಣ ಆಲ್ಬಂ ಪ್ರಿಂಟಿಗೆಂದು ಬೆಂಗಳೂರಿಗೆ ಹೊರಟಿದ್ದರು, ನಾನೂ ಹೋದೆ. ಕ್ಯಾಮೆರಾ ಅಂಗಡಿಯೊಂದರಲ್ಲಿ ಅವರು ನನಗೆ ಕಲಿಸಿದ ಪರೀಕ್ಷೆಯನ್ನು ಎಲ್ಲರಿಗೂ ಹೇಳಬೇಕು. ‘ಡಬ್ಬದ ಮೇಲೆ ಎಷ್ಟು ಕೆ.ಜಿ. ಅಂತ ಬರೆದಿದ್ದಾರೆ ಅನ್ನೋದು ನೋಡಬೇಡಮ್ಮ. ನಿನ್ನ ಕ್ಯಾಮೆರಾನೇ ಹಾಕು, ಕಾಲೆಲ್ಲ ಪೂರ್ತಿ ಎಳಿ’ ಅಂದರು. ಹಾಕಿದೆ. ಲೈವ್ ವ್ಯೂ ಆನ್ ಮಾಡಿ, ಎದುರು ಗೋಡೆಯ ಬೋರ್ಡಿನ ಅಕ್ಷರವನ್ನು ಹತ್ತು ಪಟ್ಟು ದೊಡ್ಡದು ಮಾಡಿಸಿದರು. ಆಮೇಲೆ ಟ್ರೈಪಾಡ್ ಕಾಲಿಗೆ ಬೆರಳಲ್ಲಿ ಒಂದು ಏಟು. ಪರದೆಯಲ್ಲಿ ಅಕ್ಷರ ಕುಣಿಯಲು ಶುರುವಾಯಿತು. ಕುಣಿತ ಎಷ್ಟು ಹೊತ್ತಿಗೆ ನಿಲ್ಲುತ್ತದೆ ಎಂದು ಮನಸ್ಸಿನಲ್ಲೇ ಎಣಿಸಬೇಕು. ಒಂದು ಟ್ರೈಪಾಡಿನಲ್ಲಿ ಒಂದು ಎರಡು ಎನ್ನುವಷ್ಟರಲ್ಲಿ ನಿಂತಿತು. ಇನ್ನೊಂದರಲ್ಲಿ ಆರು ಎಣಿಸಿದರೂ ಜೋಗುಳ ಮುಗಿದಿರಲಿಲ್ಲ. ಎರಡರ ಬೆಲೆಯೂ ಹೆಚ್ಚುಕಡಿಮೆ ಒಂದೇ! ಅಂಗಡಿಯವರು ಮೊದಲು ಮುಖ ಗಂಟಿಕ್ಕಿದ್ದರು, ಆಮೇಲೆ ಅವರೂ ಎಣಿಸತೊಡಗಿದರು.

ವ್ಯತ್ಯಾಸ ಇದ್ದದ್ದು ಕಾಲಿನ ಕೊಳವೆಗಳಲ್ಲಿ. ಬೇಗ ನಿಂತದ್ದರಲ್ಲಿ ಕಾಲು ನಾಲ್ಕು ತುಂಡು, ಕುಣಿದದ್ದರಲ್ಲಿ ಐದು. ತುಂಡು ಹೆಚ್ಚಾದಷ್ಟೂ ಮಡಚಿದಾಗ ಗಿಡ್ಡವಾಗುತ್ತದೆ, ಬ್ಯಾಗಿನೊಳಗೆ ಹೋಗುತ್ತದೆ, ನಿಜ. ಆದರೆ ಒಂದರೊಳಗೊಂದು ಕೂರಬೇಕಲ್ಲ, ಕೊನೆಯ ತುಂಡು ಪೆನ್ಸಿಲ್ ಗಾತ್ರಕ್ಕೆ ಇಳಿದಿರುತ್ತದೆ. ಬಿ.ಎಸ್ಸಿಯಲ್ಲಿ ಓದಿದ್ದು ಅಲ್ಲಿ ಉಪಯೋಗಕ್ಕೆ ಬಂತು. ಗೋಡೆಯ ದಪ್ಪ ಒಂದೇ ಇರುವ ತೆಳು ಕೊಳವೆಯ ವ್ಯಾಸ ಅರ್ಧವಾದರೆ, ಬಾಗದಂತೆ ತಡೆಯುವ ಬಿಗಿತ ಅರ್ಧವಾಗುವುದಿಲ್ಲ, ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ. ಹಾಗಾಗಿ ಟ್ರೈಪಾಡ್ ನೋಡುವಾಗ ಮೇಲಿನ ದಪ್ಪ ಕಾಲನ್ನು ನೋಡಿ ಮರುಳಾಗಬಾರದು, ನೆಲಕ್ಕೆ ತಾಗುವ ಕೊನೆಯ ತುಂಡನ್ನು ಹಿಡಿದು ನೋಡಬೇಕು.

ಎತ್ತರದ ವಿಷಯದಲ್ಲೂ ನಾನು ಮೋಸ ಹೋಗಿದ್ದೆ. ಹಳೆಯದರ ಡಬ್ಬದ ಮೇಲೆ ಐದೂವರೆ ಅಡಿ ಎಂದಿತ್ತು. ಅದರಲ್ಲಿ ಒಂದಡಿ ನಡುಗಂಬದ್ದು. ನಡುಗಂಬ ಎತ್ತಿದರೆ ಮೂರು ಕಾಲಿನ ಸ್ಟ್ಯಾಂಡ್ ಮೇಲೆ ಒಂಟಿ ಕಾಲಿನ ಸ್ಟ್ಯಾಂಡ್ ಇಟ್ಟ ಹಾಗೆ. ಕೆರೆ ಏರಿ ಮೇಲೆ ನಾನು ಮಾಡಿದ್ದು ಅದನ್ನೇ. ರಾತ್ರಿ ಆಕಾಶಕ್ಕೆ ಎತ್ತರ ಬೇಕಾಗಿಯೇ ಇಲ್ಲ. ನಕ್ಷತ್ರ ನನ್ನ ಕಣ್ಣಿನ ಮಟ್ಟದಲ್ಲಿ ಇದೆಯೇನು? ನೆಲದಲ್ಲಿ ಕೂತು, ಕಾಲು ಅಗಲಿಸಿ, ಸೊಂಟದ ಮಟ್ಟಕ್ಕೂ ಕೆಳಗೆ ಇಟ್ಟು ತೆಗೆದರೆ ಗಾಳಿಗೂ ಸಿಗುವುದಿಲ್ಲ. ನಾನು ಐದಡಿಯವಳು. ನಡುಗಂಬ ಎತ್ತದೆ ಎದೆ ಮಟ್ಟ ಬಂದರೆ ಹಗಲಿಗೂ ಸಾಕು.

ಇನ್ನು ಕಾರ್ಬನ್ ಫೈಬರ್ ಬೇಕೇ, ಅಲ್ಯೂಮಿನಿಯಂ ಸಾಕೇ ಎಂಬ ಪ್ರಶ್ನೆ. ಫ್ರಾನ್ಸ್‌ನಲ್ಲಿ ಹುಟ್ಟಿದ ಗಿಟ್ಜೊ ಕಂಪನಿ 1990ರ ದಶಕದಲ್ಲಿ ಕಾರ್ಬನ್ ಫೈಬರ್ ಟ್ರೈಪಾಡ್ ತಂದ ಮೇಲೆ ಬೆಟ್ಟ ಹತ್ತುವವರಿಗೆಲ್ಲ ಅದೇ ಕನಸು. ಕಂಪನ ಬೇಗ ನಿಲ್ಲುತ್ತದೆ, ಚಳಿಯಲ್ಲಿ ಕೈಗೆ ತಣ್ಣಗೆ ಹತ್ತುವುದಿಲ್ಲ. ಆದರೆ ತೂಕದ ಲೆಕ್ಕ ಒಮ್ಮೆ ನೋಡಿ. ಚಾರಣಿಗರಲ್ಲಿ ಹೆಸರಾದ ಪೀಕ್ ಡಿಸೈನ್ ಟ್ರಾವೆಲ್ ಟ್ರೈಪಾಡ್ ಎರಡೂ ಬಗೆಯಲ್ಲಿ ಬರುತ್ತದೆ. ಅಲ್ಯೂಮಿನಿಯಂನದು 1.56 ಕೆ.ಜಿ., ಕಾರ್ಬನ್‌ನದು 1.27. ವ್ಯತ್ಯಾಸ 290 ಗ್ರಾಂ. ಆ 290 ಗ್ರಾಂ ಇಳಿಸಲು ಕೊಡಬೇಕಾದ ಹೆಚ್ಚುವರಿ ಹಣದಲ್ಲಿ ನನ್ನ ಪಿ.ಜಿ. ಬಾಡಿಗೆ ಕೆಲವು ತಿಂಗಳು ನಡೆಯುತ್ತದೆ. ಬ್ಯಾಗಿನಲ್ಲಿರುವ ಬೇಡದ ಸ್ವೆಟರ್ ಒಂದನ್ನು ಮನೆಯಲ್ಲಿ ಬಿಟ್ಟರೂ ಅಷ್ಟು ಇಳಿಯುತ್ತದೆ. ಸಂಬಳ ಬರುವವರು ಕಾರ್ಬನ್ ಕೊಳ್ಳಲಿ, ಹೊಟ್ಟೆಕಿಚ್ಚು ಇಲ್ಲ. (ಸ್ವಲ್ಪ ಇದೆ.)

ಕಡೆಗೆ ನಾನು ಕೊಂಡದ್ದು ಆ ಅಂಗಡಿಯಲ್ಲಿ ಅಲ್ಲ. ತುಮಕೂರಿನಲ್ಲೇ ಒಬ್ಬ ಫೋಟೊಗ್ರಾಫರ್ ಕಾರ್ಬನ್‌ಗೆ ಬದಲಾಯಿಸುತ್ತಿದ್ದರು. ಅವರ ಹಳೆಯ ಅಲ್ಯೂಮಿನಿಯಂ ಟ್ರೈಪಾಡ್ 4,200ಕ್ಕೆ ಸಿಕ್ಕಿತು. ತಲೆ ಸೇರಿ 1 ಕೆ.ಜಿ. 400 ಗ್ರಾಂ, ಮಡಚಿದರೆ ಒಂದೂವರೆ ಅಡಿ, ನಾಲ್ಕು ತುಂಡಿನ ಕಾಲು. ಟ್ರೈಪಾಡ್ ಮೊಬೈಲಿನ ಹಾಗೆ ವರ್ಷಕ್ಕೇ ಹಳತಾಗುವ ವಸ್ತುವಲ್ಲ, ಸೆಕೆಂಡ್ ಹ್ಯಾಂಡ್ ಕೊಳ್ಳಲು ಹೆದರಬೇಕಿಲ್ಲ. ಕೊಳ್ಳುವಾಗ ಎಲ್ಲ ಬೀಗಗಳನ್ನು ಬಿಗಿ ಮಾಡಿ ಮೇಲಿಂದ ಅಂಗೈಯಲ್ಲಿ ಒತ್ತಿ ನೋಡಿದೆ, ಯಾವ ಕಾಲೂ ಜಾರಲಿಲ್ಲ. ತಲೆ ಬಾಲ್ ಹೆಡ್. ಒಂದೇ ತಿರುಪು ಸಡಿಲಿಸಿದರೆ ಕ್ಯಾಮೆರಾ ಎತ್ತ ಬೇಕಾದರೂ ತಿರುಗುತ್ತದೆ. ವಿಡಿಯೊ ಸ್ಟ್ಯಾಂಡಿನ ಉದ್ದ ಹಿಡಿಕೆಯ ತಲೆ ಚಾರಣದಲ್ಲಿ ಬ್ಯಾಗಿಗೂ ಸೊಂಟಕ್ಕೂ ಚುಚ್ಚುವುದಕ್ಕೆ ಮಾತ್ರ ಲಾಯಕ್ಕು. ಕ್ಯಾಮೆರಾ ಕೆಳಗೆ ತಿರುಪಿ ಹಾಕುವ ಪ್ಲೇಟ್ ಆರ್ಕಾ ಮಾದರಿಯದೇ ಎಂದು ಕೇಳಿಕೊಂಡೆ. ಆ ಮಾದರಿ ಬಹಳ ಕಂಪನಿಗಳಲ್ಲಿ ಒಂದೇ ಅಳತೆ, ಕಳೆದುಹೋದರೆ ಇನ್ನೊಂದು ಸುಲಭವಾಗಿ ಸಿಗುತ್ತದೆ. ಹಳೆಯ ಟ್ರೈಪಾಡಿನ ಪ್ಲೇಟ್ ಕಳೆದು ಇಡೀ ಸ್ಟ್ಯಾಂಡೇ ಮೂಲೆ ಸೇರಿದ ಮನೆಗಳು ಎಷ್ಟೋ.

ಟ್ರೈಪಾಡ್ ಬಂತು, ಇನ್ನು ರಾತ್ರಿ ಬೇಕಲ್ಲ. ಹುಡುಗರು ಬೈಕ್ ಹತ್ತಿ ಎಲ್ಲಿಗೋ ಹೋಗಿಬಿಡುತ್ತಾರೆ. ನನಗೆ ಮನೆಯಲ್ಲಿ ಬೆಳಗಿನ ಜಾವ ನಾಲ್ಕಕ್ಕೆ ಬೆಟ್ಟ ಎಂದರೆ ಯಾರು ಬಿಡುತ್ತಾರೆ? ಅರಣ್ಯದ ಚಾರಣ ಹಾದಿಗಳಲ್ಲಿ ರಾತ್ರಿ ಇರುವಂತೆಯೂ ಇಲ್ಲ, ಆ ಸಾಹಸ ಮಾಡಲೂ ಬಾರದು. ಆಗ ಹೊಳೆದದ್ದು ಶಿವರಾತ್ರಿ. ನಮ್ಮೂರ ಬಂಡೆಗುಡ್ಡದ ಮೇಲೆ ಈಶ್ವರನ ಗುಡಿ ಇದೆ. ಅವತ್ತು ಊರಿಗೆ ಊರೇ ಅಲ್ಲಿ ಜಾಗರಣೆ ಕೂರುತ್ತದೆ, ಹೆಣ್ಣುಮಕ್ಕಳು ಬೆಳಗಿನವರೆಗೆ ಗುಡ್ಡದಲ್ಲಿದ್ದರೂ ಯಾರೂ ಕೇಳದ ವರ್ಷದ ಒಂದೇ ರಾತ್ರಿ ಅದು. ಅದಲ್ಲದೆ ಶಿವರಾತ್ರಿ ಬರುವುದು ಅಮಾವಾಸ್ಯೆಯ ಹೊಸ್ತಿಲಲ್ಲಿ. ಚಂದ್ರ ಮೂಡುವುದು ಬೆಳಕು ಹರಿಯುವ ಹೊತ್ತಿಗೆ, ಅದೂ ಉಗುರಿನಷ್ಟು. ಆಕಾಶಗಂಗೆಯ ದಟ್ಟ ಭಾಗ ಈ ಕಾಲದಲ್ಲಿ ಆಗ್ನೇಯಕ್ಕೆ ಬೆಳಗಿನ ಜಾವ ಏರಿ ಬರುತ್ತದೆ. ಪಂಚಾಂಗ ಮಾಡಿದವರು ಫೋಟೊಗ್ರಾಫರುಗಳಿಗೆಂದೇ ಇಟ್ಟ ಹಾಗಿದೆ.

ಗುಡಿಯ ಎದುರು ಭಜನೆ, ಜನರೇಟರ್, ಟ್ಯೂಬ್‌ಲೈಟ್. ಅಲ್ಲಿ ಆಗುವುದಿಲ್ಲ. ಹಿಂಬದಿಯ ದೊಡ್ಡ ಬಂಡೆಯ ಮರೆಗೆ ಹೋಗಬೇಕು. ‘ಕರಡಿ ಗಿರಡಿ ಇರ್ತವೆ’ ಎನ್ನುತ್ತ ಅಪ್ಪ ಟಾರ್ಚ್ ಹಿಡಿದು ಜೊತೆಗೆ ಬಂದರು. ಹೊಸ ಸ್ಟ್ಯಾಂಡ್ ಬಗ್ಗೆ ಅವರು ಏನೂ ಕೇಳಿರಲಿಲ್ಲ, ನಾನೂ ಬೆಲೆ ಹೇಳಿರಲಿಲ್ಲ.

ನಾಲ್ಕೂವರೆ. ಗಾಳಿ ಕೆರೆ ಏರಿಗಿಂತ ಜೋರಾಗಿತ್ತು. ಎದೆ ಢವಢವ ಎನ್ನುತ್ತಿತ್ತು. ಕೊನೆಯ ಸಣ್ಣ ತುಂಡನ್ನು ಎಳೆಯಲೇ ಇಲ್ಲ, ಕಾಲುಗಳನ್ನು ಅಗಲಿಸಿ, ಒಂದು ಕಾಲನ್ನು ಇಳಿಜಾರಿನ ಕಡೆಗೆ ಚಾಚಿಟ್ಟೆ. ನಡುಗಂಬದ ಕೆಳಗಿನ ಕೊಕ್ಕೆಗೆ ಬ್ಯಾಗ್ ಸಿಕ್ಕಿಸಿ ಒಳಗೆ ಎರಡು ಕಲ್ಲು ಹಾಕಿದೆ. ಬ್ಯಾಗ್ ಗಾಳಿಯಲ್ಲಿ ತೂಗಾಡಿದರೆ ಅದೇ ಟ್ರೈಪಾಡನ್ನು ಅಲುಗಿಸುತ್ತದೆ, ಆದ್ದರಿಂದ ಅದರ ಬುಡ ನೆಲಕ್ಕೆ ತಾಗುವಷ್ಟು ಇಳಿಬಿಟ್ಟೆ. ಕ್ಯಾಮೆರಾದ ಕುತ್ತಿಗೆ ಪಟ್ಟಿ ಪಟಪಟ ಎನ್ನುತ್ತಿತ್ತು, ಅದನ್ನೂ ಸುತ್ತಿ ಕಟ್ಟಿದೆ. ಲೆನ್ಸಿನ ಸ್ಟೆಬಿಲೈಸರ್ ಆಫ್. ಒಂದು ಹೊಳೆಯುವ ನಕ್ಷತ್ರವನ್ನು ಪರದೆಯಲ್ಲಿ ದೊಡ್ಡದು ಮಾಡಿ, ಅದು ಸೂಜಿಮೊನೆಯಾಗುವವರೆಗೆ ಕೈಯಲ್ಲೇ ಫೋಕಸ್ ತಿರುಗಿಸಿದೆ. ಎಫ್ 3.5, ಐಎಸ್ಒ 3200, 15 ಸೆಕೆಂಡ್. ಬೆರಳಿನ ಒತ್ತಡಕ್ಕೂ ಅಲುಗದಿರಲೆಂದು ಎರಡು ಸೆಕೆಂಡಿನ ಟೈಮರ್. ಒತ್ತಿ, ಹಿಂದೆ ಸರಿದು ನಿಂತೆ.

‘ಟಾರ್ಚ್ ಆರಿಸಪ್ಪ.’

ಅಪ್ಪ ಆರಿಸಿದರು. ಗಾಳಿ ಬಂತು. ನನ್ನ ವೇಲ್ ಹಾರಿತು, ಟ್ರೈಪಾಡ್ ಹಾರಲಿಲ್ಲ.

ಪರದೆಯಲ್ಲಿ ಚಿತ್ರ ಮೂಡಿದಾಗ ಅಪ್ಪ ಕನ್ನಡಕ ಸರಿಮಾಡಿಕೊಂಡು ಬಗ್ಗಿದರು. ಬಂಡೆಯ ಕಪ್ಪು ಅಂಚು, ಮೇಲೆ ಚೇಳಿನ ಆಕಾರದ ವೃಶ್ಚಿಕ, ಅದರ ಎದೆಯಲ್ಲಿ ಕೆಂಪಗೆ ಜ್ಯೇಷ್ಠಾ, ಪಕ್ಕದಲ್ಲಿ ಹೊಗೆ ಎದ್ದ ಹಾಗೆ ಆಕಾಶಗಂಗೆ. ‘ಇದು ಇಲ್ಲೇ ಇರೋದಾ?’ ಎಂದು ಆಕಾಶ ನೋಡಿದರು, ಮತ್ತೆ ಪರದೆ ನೋಡಿದರು. ಸ್ವಲ್ಪ ಹೊತ್ತು ಬಿಟ್ಟು, ‘ಸ್ವಾತಿ ಯಾವುದಮ್ಮ?’ ಎಂದರು.

ನೆತ್ತಿಯ ಹತ್ತಿರವೇ ಇತ್ತು. ಕಿತ್ತಳೆ ಬಣ್ಣಕ್ಕೆ ತಿರುಗಿದ ದೊಡ್ಡ ಚುಕ್ಕಿ. ತೋರಿಸಿದೆ. ಅದರ ದಕ್ಷಿಣಕ್ಕೆ ಸ್ವಲ್ಪ ಕೆಳಗೆ ಬೆಳ್ಳಗೆ ಹೊಳೆಯುವ ಚಿತ್ತೆಯನ್ನೂ ತೋರಿಸಿದೆ. ಚಿತ್ತೆ ಮಳೆ, ಸ್ವಾತಿ ಮಳೆ ಎಂದು ನಲವತ್ತು ವರ್ಷ ಹೊಲದಲ್ಲಿ ಲೆಕ್ಕ ಹಾಕಿದ ಮನುಷ್ಯ, ಅವನ್ನು ಗುರುತು ಹಿಡಿದು ನೋಡಿದ್ದು ಅವತ್ತೇ ಮೊದಲು. ‘ಇದರದ್ದೂ ಒಂದು ತೆಗಿ’ ಎಂದರು. ಬಾಲ್ ಹೆಡ್ ಸಡಿಲಿಸಿ ಕ್ಯಾಮೆರಾವನ್ನು ನೇರ ಮೇಲಕ್ಕೆ ತಿರುಗಿಸಿದೆ. ಕ್ಯಾಮೆರಾದ ಪರದೆ ನೆಲದ ಕಡೆಗಾಯಿತು, ನೋಡಲು ಬಂಡೆ ಮೇಲೆ ಅಂಗಾತ ಮಲಗಬೇಕಾಯಿತು. ಅಪ್ಪನೂ ಪಂಚೆ ಸರಿಮಾಡಿಕೊಂಡು ಪಕ್ಕದಲ್ಲಿ ಮಲಗಿದರು. ಮೂರನೆಯ ಚಿತ್ರದ ಹೊತ್ತಿಗೆ ಲೆನ್ಸಿನ ಮೇಲೆ ಇಬ್ಬನಿ ಕೂತಿತ್ತು. ಒರೆಸಿ ಮತ್ತೆ ತೆಗೆದೆ. ಬರಬರುತ್ತ ಪೂರ್ವ ಬೆಳ್ಳಗಾಗತೊಡಗಿತು.

ಇಳಿಯುವಾಗ ಟ್ರೈಪಾಡನ್ನು ಅಪ್ಪನೇ ಗುದ್ದಲಿಯ ಹಾಗೆ ಹೆಗಲ ಮೇಲೆ ಹಾಕಿಕೊಂಡಿದ್ದರು. ‘ಏನ್ಲಾ ಅದು?’ ಎಂದು ಗುಡಿಯ ಮುಂದೆ ಯಾರೋ ಕೇಳಿದರು. ‘ನಕ್ಷತ್ರ ಹಿಡಿಯೋ ಸ್ಟ್ಯಾಂಡು’ ಎಂದರು ಅಪ್ಪ.

ಮನೆಗೆ ಬಂದು ಕಾಲುಗಳ ಬೀಗ ತಿರುಗಿಸಿ ಬಿಚ್ಚಿ, ಒಳಗೆ ಸೇರಿದ್ದ ಮರಳನ್ನು ಹಳೇ ಹಲ್ಲುಜ್ಜುವ ಬ್ರಷ್‌ನಲ್ಲಿ ತೆಗೆಯುತ್ತಿದ್ದೆ. ಒಂದು ಹರಳು ಉಳಿದರೂ ಮುಂದಿನ ಸಲ ಕಿರಗುಟ್ಟಿ ಬಿಗಿ ಕೂರುವುದಿಲ್ಲ. ಅಪ್ಪ ಕಾಫಿ ಲೋಟ ಹಿಡಿದು ಬಂದು ಎದುರಿಗೆ ಕೂತರು. ಬೆಲೆ ಕೇಳುತ್ತಾರೆ ಎಂದುಕೊಂಡೆ. ಗೋಡೆಯ ಕ್ಯಾಲೆಂಡರಿನಲ್ಲಿ ಒಂದು ಹಾಳೆ ತಿರುವಿ ನೋಡಿ, ‘ಯುಗಾದಿ ಅಮಾಸೆಗೆ ಬರ್ತೀಯಲ್ಲ?’ ಎಂದರು.